ಪಾನಾ ಕೊಳ್ಳುವಾಗ ನಟ್ಟಿನ ಬೆಲೆ ಕೇಳಿ

ದಾವಣಗೆರೆಯ ಮಂಡಿಪೇಟೆ ಕಡೆ ಒಂದು ಹಾರ್ಡ್‌ವೇರ್ ಅಂಗಡಿ. ಕೌಂಟರಿನ ಮೇಲೆ ಎರಡು ರಿಂಗ್ ಪಾನಾ, ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರ್, ಇಟ್ಟರು. ಎರಡೂ 12-13: ಒಂದು ತುದಿ 12 ಮಿಲಿಮೀಟರ್ ನಟ್ಟಿಗೆ, ಇನ್ನೊಂದು 13ಕ್ಕೆ. ಎರಡೂ ಪಳಪಳ ಹೊಳೆಯುತ್ತಿದ್ದವು. ಒಂದರ ದುಡ್ಡಿಗೆ ಇನ್ನೊಂದು ಮೂರು ಬರುತ್ತಿದ್ದವು. ಎರಡನ್ನೂ ಕೈಯಲ್ಲಿ ತೂಗಿ ನೋಡಿದೆ. ಅಗ್ಗದ್ದೇ ಜಾಸ್ತಿ ಭಾರ ಇತ್ತು.

"ಏನ್ರೀ ವ್ಯತ್ಯಾಸ?" ಅಂದೆ.

"ಇದು ಮನಿಗ್ರೀ, ಇದು ಕೆಲ್ಸದೋರಿಗೆ" ಅಂದರು ಅಂಗಡಿಯವರು. ಅಷ್ಟೇ. ಮುಂದಿನ ಗಿರಾಕಿ ಕಡೆ ತಿರುಗಿದರು.

ನಾನು ಮನೆಯವನೇ ತಾನೆ. ಮನೆಯದ್ದನ್ನೇ ತಂದೆ. ದುಡ್ಡು ಉಳಿಯಿತು, ಕೈಗೆ ಗಟ್ಟಿಮುಟ್ಟಾಗಿಯೂ ಇದೆ ಅಂತ ಖುಷಿ. ಆ ಖುಷಿ ಅಡಿಕೆ ಸೀಸನ್ ತನಕ ಇತ್ತು.

ಚನ್ನಗಿರಿ ಕಡೆ ನಮ್ಮದೊಂದು ಸಣ್ಣ ತೋಟ. ಅಡಿಕೆ ಸುಲಿಯುವ ಮಷಿನ್ ಇದೆ. ಅದು ಓಡುವಾಗ ಮೈಯೆಲ್ಲ ನಡುಗುತ್ತದೆ. ಹಾಗಾಗಿ ಕೆಲವು ನಟ್ಟು ದಿನಾ ಸಡಿಲ ಆಗುತ್ತವೆ. ಇನ್ನು ಕೆಲವು ಮಳೆ ನೀರು, ಸಿಪ್ಪೆಯ ರಸ ಕುಡಿದು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಒಂದು ಬೆಳಿಗ್ಗೆ ಬೇರಿಂಗ್ ಬದಲಿಸಬೇಕಿತ್ತು. ಕಚ್ಚಿಕೊಂಡಿದ್ದ 13ರ ನಟ್ಟಿಗೆ ಪಾನಾ ಹಾಕಿ ಎಳೆದೆ. ಏನೋ ಮೆತ್ತಗೆ ಬಿಟ್ಟುಕೊಟ್ಟ ಹಾಗಾಯಿತು. ನಟ್ಟು ಬಿಚ್ಚಿತು ಅಂದುಕೊಂಡೆ. ಬಿಟ್ಟುಕೊಟ್ಟದ್ದು ನಟ್ಟಲ್ಲ, ಪಾನಾ. ಅದರ ರಿಂಗೇ ಅಗಲ ಆಗಿತ್ತು. ಕೈ ಜಾರಿ ಬೆರಳಿನ ಗೆಣ್ಣು ಕಬ್ಬಿಣದ ಪಟ್ಟಿಗೆ ಬಡಿಯಿತು. ನಟ್ಟಿನ ಆರೂ ಮೂಲೆ ಸವೆದು ಗೋಲಿ ತರ ಆಗಿತ್ತು.

ಆಮೇಲೆ ನಡೆದದ್ದು ನೋಡಿ. ಊರಿಂದ ವೆಲ್ಡಿಂಗ್ ಹುಡುಗ ಬರಬೇಕಾಯಿತು. ಸವೆದ ನಟ್ಟಿನ ಮೇಲೆ ಇನ್ನೊಂದು ದೊಡ್ಡ ನಟ್ಟು ಕೂರಿಸಿ ವೆಲ್ಡ್ ಮಾಡಿ, ಅದನ್ನು ಹಿಡಿದು ತಿರುಗಿಸಿದ. ಅಷ್ಟು ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಹಸಿ ಅಡಿಕೆ ರಾಶಿ ಹಾಗೇ ಬಿದ್ದಿತ್ತು. ಹೆಣ್ಣಾಳುಗಳು ಎಲೆ ಅಡಿಕೆ ಹಾಕಿಕೊಂಡು ನನ್ನ ಫಜೀತಿ ನೋಡುತ್ತಾ ಕೂತಿದ್ದರು. ಕೂಲಿ ಮಾತ್ರ ಪೂರ್ತಿ ದಿನದ್ದು.

ಸಂಜೆ ನನ್ನ ಸೋದರಮಾವ ಆ ಪಾನಾ ಕೈಗೆ ತಗೊಂಡು ನಕ್ಕರು. ಮಾವ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಫಿಟ್ಟರ್ ಆಗಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆ ಲೇತ್ ಮಷಿನ್ನುಗಳಿಗೆ ಹೆಸರುವಾಸಿ. ಅದು ಮುಚ್ಚಿ ಎಷ್ಟೋ ವರ್ಷ ಆಯಿತು. ಆದರೆ ಅಲ್ಲಿ ಕೆಲಸ ಕಲಿತವರು ಹರಿಹರ, ದಾವಣಗೆರೆ ಸುತ್ತ ಇನ್ನೂ ಇದ್ದಾರೆ. ಮಾವ ಅಂದದ್ದು ಇಷ್ಟೇ: "ಪಾನಾ ರೇಟು ಏನ್ ಕೇಳ್ತೀಯಪ್ಪ, ನಟ್ಟಿನ ರೇಟು ಕೇಳ್ಬೇಕು."

ಈ ಲೇಖನ ಅದೇ ಮಾತಿನ ವಿಸ್ತಾರ. ಕೈ ಉಪಕರಣ ಕೊಳ್ಳುವಾಗ ಸಾದಾ ಮಾಲು ಸಾಕಾ, ಇಲ್ಲಾ ಪ್ರೊಫೆಷನಲ್ ಮಾಲೇ ಬೇಕಾ? ಉಪಕರಣದ ಬೆಲೆ ನೋಡಿ ಇದನ್ನು ತೀರ್ಮಾನ ಮಾಡುವುದು ಕಷ್ಟ. ಅದು ಕೈಕೊಟ್ಟಾಗ ಹಾಳಾಗುವುದು ಏನು ಅಂತ ಕೇಳಿಕೊಂಡರೆ ಸುಲಭ. ಒಂದು ನಟ್ಟಾ, ಒಂದು ದಿನದ ಕೆಲಸವಾ, ಕೈಯಾ, ಜೀವವಾ?

ಡಬ್ಬಿಯ ಮೇಲಿನ ಮಾತು

ಮೊದಲು ಹೆಸರಿನ ಗೊಂದಲ. ಪ್ರೊಫೆಷನಲ್, ಹೆವಿ ಡ್ಯೂಟಿ, ಇಂಡಸ್ಟ್ರಿಯಲ್ ಅಂತ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರುತ್ತದಲ್ಲ, ಆ ಪದಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಮದುವೆ ಮನೆ ಬಾಗಿಲಲ್ಲಿ 'ಸುಸ್ವಾಗತ' ಅಂತ ಬರೆದ ಹಾಗೆ. ಒಳಗೆ ಊಟ ಹೇಗಿದೆ ಅಂತ ಅದರಿಂದ ಗೊತ್ತಾಗಲ್ಲ.

ಗೊತ್ತಾಗುವುದು ಮಾನಕ ಸಂಖ್ಯೆಯಿಂದ. ನಮ್ಮ ದೇಶದಲ್ಲಿ ಕೈ ಉಪಕರಣಗಳಿಗೂ ಐಎಸ್, ಅಂದರೆ ಇಂಡಿಯನ್ ಸ್ಟ್ಯಾಂಡರ್ಡ್, ಸಂಖ್ಯೆಗಳಿವೆ. ಪೈಪ್ ರೆಂಚಿನದ್ದು ಐಎಸ್ 4003. ಅದರಲ್ಲಿ ಎರಡು ಭಾಗ: ಮೊದಲನೆಯದು ಸಾಮಾನ್ಯ ಬಳಕೆಯದ್ದು, ಎರಡನೆಯದು ಹೆವಿ ಡ್ಯೂಟಿ. ಅಂದರೆ ಸಾದಾ ಮತ್ತು ಹೆವಿ ಅನ್ನುವುದು ಅಂಗಡಿಯವರ ಬಾಯಿಮಾತು ಮಾತ್ರ ಅಲ್ಲ, ಅದಕ್ಕೂ ಒಂದು ಲೆಕ್ಕ ಇದೆ. ಐಎಸ್‌ಐ ಗುರುತು ಇದ್ದರೆ ಅದರ ಜೊತೆ 'ಸಿಎಂ/ಎಲ್' ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಈ ಮಾನಕಗಳನ್ನು ಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ 'ಬಿಐಎಸ್ ಕೇರ್' ಅನ್ನುವ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಲೈಸೆನ್ಸ್ ಯಾರದ್ದು, ಯಾವ ಸಾಮಾನಿನದ್ದು ಅಂತ ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಬಹುದು. ಅಂಗಡಿಯವರ ಮುಖ ಸ್ವಲ್ಪ ಸಪ್ಪಗಾಗಬಹುದು, ಪರವಾಗಿಲ್ಲ.

ಇನ್ನೊಂದು ಮಾತು. 'ಕ್ರೋಮ್ ವೆನೇಡಿಯಂ' ಅಂತ ಬರೆದದ್ದು ಬೇರೆ, ಕ್ರೋಮ್ ಹೊಳಪು ಬೇರೆ. ಹೊಳಪು ಬರೀ ಮೇಲಿನ ಚರ್ಮ. ತುಕ್ಕು ಹಿಡಿಯದಿರಲಿ ಅಂತ ಹಾಕುವ ಲೇಪನ. ಯಾವ ಕಬ್ಬಿಣಕ್ಕಾದರೂ ಹಾಕಬಹುದು. ಕ್ರೋಮ್ ವೆನೇಡಿಯಂ ಅನ್ನುವುದು ಒಳಗಿನ ಉಕ್ಕಿನ ಜಾತಿ. ಉಕ್ಕಿಗೆ ಸ್ವಲ್ಪ ಕ್ರೋಮಿಯಂ ಸೇರಿಸಿದರೆ ಹದ ಒಳಗಿನ ತನಕ ಇಳಿಯುತ್ತದೆ. ವೆನೇಡಿಯಂ ಸೇರಿಸಿದರೆ ಉಕ್ಕಿನ ಕಣ ಸಣ್ಣಗೆ, ಒತ್ತಾಗಿ ಉಳಿಯುತ್ತದೆ. ನಾನು ತಂದ ಪಾನಾದಲ್ಲಿ ಹೊಳಪು ಬೇಕಾದಷ್ಟಿತ್ತು.

ಹದ ಅಂದರೆ ಏನು

ಹದ ಅಂದೆನಲ್ಲ, ಎಲ್ಲಾ ಇರುವುದು ಅದರಲ್ಲೇ.

ಹಳ್ಳಿಯಲ್ಲಿ ಕುಲುಮೆ ನೋಡಿದವರಿಗೆ ಇದು ಹೊಸದಲ್ಲ. ಕಮ್ಮಾರರು ಕುಡುಗೋಲನ್ನು ಕೆಂಪಗೆ ಕಾಯಿಸಿ ಬಡಿಯುತ್ತಾರೆ. ಕೊನೆಗೆ ಬಾಯಿಯ ಭಾಗವನ್ನು ನೀರಿಗೆ ಅದ್ದುತ್ತಾರೆ. ಚುಸ್ ಅನ್ನುತ್ತದೆ. ಆ ಕ್ಷಣಕ್ಕೆ ಅದು ಗಾಜಿನಷ್ಟು ಗಡಸು. ಗಾಜಿನ ಹಾಗೇ ಪೆಡಸು ಕೂಡ. ಕಲ್ಲಿಗೆ ಬಡಿದರೆ ಚಕ್ಕೆ ಏಳುತ್ತದೆ. ಅದಕ್ಕೇ ಅವರು ಅಲ್ಲಿಗೆ ಬಿಡುವುದಿಲ್ಲ. ಹೊರಗೆ ತೆಗೆದು, ಕಲ್ಲಿನಿಂದ ಉಜ್ಜಿ ಬಿಳುಪು ಮಾಡಿ, ಹಿಂಭಾಗದಲ್ಲಿ ಉಳಿದ ಕಾವು ಬಾಯಿಯ ಕಡೆ ಹರಿಯುವುದನ್ನು ಕಾಯುತ್ತಾರೆ. ಉಕ್ಕಿನ ಮೇಲೆ ಬಣ್ಣ ಓಡಲು ಶುರುವಾಗುತ್ತದೆ. ಮೊದಲು ಒಣ ಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ನೀಲಿ. ಹುಲ್ಲಿನ ಬಣ್ಣ ಬರುವುದು ಸುಮಾರು 220ರಿಂದ 240 ಡಿಗ್ರಿಗೆ, ನೀಲಿ ಬರುವುದು 300ರ ಹತ್ತಿರ. ಬೇಕಾದ ಬಣ್ಣ ಬಂದ ಕೂಡಲೇ ಮತ್ತೆ ನೀರಿಗೆ. ಥರ್ಮಾಮೀಟರ್ ಇಲ್ಲ, ಕಣ್ಣೇ ಅಳತೆ.

ಕಾರ್ಖಾನೆಯಲ್ಲೂ ನಡೆಯುವುದು ಇದೇ. ಉಕ್ಕನ್ನು 800 ಡಿಗ್ರಿಗೂ ಮೇಲೆ ಕಾಯಿಸಿ, ಎಣ್ಣೆಯಲ್ಲೋ ನೀರಿನಲ್ಲೋ ತಣಿಸಿ, ಮತ್ತೆ ಹದವಾಗಿ ಕಾಯಿಸುತ್ತಾರೆ. ಒಳ್ಳೆ ಕಂಪನಿ ಒಂದೊಂದು ಬ್ಯಾಚಿಗೂ ಕಾವನ್ನು ಅಳೆಯುತ್ತದೆ, ಗಡಸುತನವನ್ನು ಪರೀಕ್ಷೆ ಮಾಡುತ್ತದೆ. ಅಗ್ಗದ ಮಾಲಿನಲ್ಲಿ ಇದೇ ಕೆಲಸಕ್ಕೆ ಕತ್ತರಿ ಬೀಳುತ್ತದೆ. ಯಾಕೆಂದರೆ ಕಣ್ಣಿಗೆ ಕಾಣದಿರುವುದು ಅದೊಂದೇ. ಹೊಳಪು ಕಾಣುತ್ತದೆ, ಹಿಡಿ ಕಾಣುತ್ತದೆ, ಡಬ್ಬಿ ಕಾಣುತ್ತದೆ. ಹದ ಕಾಣುವುದಿಲ್ಲ.

ಗಡಸುತನವನ್ನು ರಾಕ್‌ವೆಲ್ ಸಿ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಪಾನಾಗೆ 40ರಿಂದ 48ರ ಆಸುಪಾಸು ಸಾಕು. ಕಟಿಂಗ್ ಪ್ಲೇಯರ್‌ನ ಕತ್ತರಿಸುವ ಅಂಚಿಗೆ 55ರ ಮೇಲೆ ಬೇಕು. ಲೋಹ ಉಜ್ಜುವ ಅರಕ್ಕೆ (ಫೈಲ್) 60ನ್ನೂ ದಾಟಿರಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ: ಜಾಸ್ತಿ ಗಡಸು ಅಂದರೆ ಜಾಸ್ತಿ ಒಳ್ಳೇದು ಅಂತ ಅಲ್ಲ. ಪಾನಾವನ್ನು ಅರದಷ್ಟು ಗಡಸು ಮಾಡಿದರೆ ಎಳೆದಾಗ ಪಟ್ ಅಂತ ಮುರಿದು ಮುಖಕ್ಕೆ ಬಡಿಯುತ್ತದೆ. ಪಾನಾಗೆ ಬೇಕಾದದ್ದು ತಾಳಿಕೆ, ಪ್ಲೇಯರ್ ಅಂಚಿಗೆ ಬೇಕಾದದ್ದು ಗಡಸುತನ. ಒಳ್ಳೆ ಪ್ಲೇಯರ್‌ಗಳಲ್ಲಿ ಮೈಗೆಲ್ಲ ಒಂದು ಹದ ಕೊಟ್ಟು, ಅಂಚಿಗೆ ಮಾತ್ರ ಇಂಡಕ್ಷನ್ ಕಾವಿನಿಂದ ಬೇರೆ ಹದ ಕೊಟ್ಟಿರುತ್ತಾರೆ. ಕುಡುಗೋಲಿನ ಬಾಯಿಗೆ ಮಾತ್ರ ನೀರು ಕುಡಿಸುವುದಿಲ್ಲವಾ, ಹಾಗೆ.

ಸುತ್ತಿಗೆಗೂ ಹೀಗೇ. ಅದರ ಮುಖ ಗಡಸು. ಅದಕ್ಕೇ ಸುತ್ತಿಗೆ ಮೇಲೆ ಸುತ್ತಿಗೆಯಿಂದ ಹೊಡೆಯಬಾರದು ಅನ್ನುವುದು. ಎರಡು ಗಡಸು ಮುಖ ಬಡಿದರೆ ಚೂರು ಹಾರುತ್ತದೆ, ನೇರ ಕಣ್ಣಿಗೆ.

ಇನ್ನು ಭಾರದ ವಿಷಯ. ಅಗ್ಗದ ಪಾನಾ ಯಾಕೆ ಭಾರ ಇತ್ತು? ಉಕ್ಕು ಮೆದು ಇದ್ದಾಗ ಗಟ್ಟಿ ಬರಲಿ ಅಂತ ದಪ್ಪ ಮಾಡುತ್ತಾರೆ. ಉಕ್ಕು ಒಳ್ಳೇದಿದ್ದರೆ ತೆಳ್ಳಗೆ ಮಾಡಿದರೂ ತಡೆಯುತ್ತದೆ. ತೆಳ್ಳಗಿದ್ದರೆ ಏನು ಲಾಭ? ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಮೋಟಾರಿನ ಸಂದಿಯಲ್ಲಿ, ಬೈಕಿನ ಎಂಜಿನ್ ಪಕ್ಕದಲ್ಲಿ ಇರುವ ನಟ್ಟಿಗೆ ದಪ್ಪ ರಿಂಗು ಹೋಗುವುದೇ ಇಲ್ಲ. ನಮ್ಮ ಕಡೆ ಎಲ್ಲವನ್ನೂ ಕೈಯಲ್ಲಿ ತೂಗಿ 'ಗಟ್ಟಿ ಐತಿ' ಅನ್ನುವ ಅಭ್ಯಾಸ. ತೆಂಗಿನಕಾಯಿಗೆ ಅದು ಸರಿ. ಪಾನಾಗೆ ನಡೆಯಲ್ಲ.

ಕಾಲು ಮಿಲಿಮೀಟರ್

ನನ್ನ ನಟ್ಟು ಗೋಲಿ ಆದದ್ದು ಬರೀ ಮೆದು ಉಕ್ಕಿನಿಂದಲ್ಲ. ಅಳತೆಯೂ ತಪ್ಪಿತ್ತು. 13ರ ನಟ್ಟು ಅಂದರೆ ಎದುರುಬದುರು ಮುಖಗಳ ನಡುವೆ 13 ಮಿಲಿಮೀಟರ್. ಇದು 8 ಮಿಲಿಮೀಟರ್ ಬೋಲ್ಟಿನ ನಟ್ಟು. ಮಾನಕದ ಪ್ರಕಾರ ಅದು 12.73ರ ತನಕ ಸಣ್ಣ ಇರಬಹುದು. ಅಂದರೆ ನಟ್ಟಿನಲ್ಲೇ ಕಾಲು ಮಿಲಿಮೀಟರ್ ಸಡಿಲ. ಪಾನಾದ ಬಾಯಿ 13ಕ್ಕಿಂತ ಕೂದಲೆಳೆಯಷ್ಟೇ ದೊಡ್ಡದಿರಬೇಕು. ಅದೂ ಅರ್ಧ ಮಿಲಿಮೀಟರ್ ದೊಡ್ಡದಾಯಿತು ಅನ್ನಿ. ಎಳೆದಾಗ ಪಾನಾ ನಟ್ಟಿನ ಮುಖಕ್ಕೆ ಒರಗದೆ ಬರೀ ಮೂಲೆಗೆ ತಾಗುತ್ತದೆ. ಎಲ್ಲಾ ಬಲ ಗೆರೆಯಷ್ಟು ಜಾಗದ ಮೇಲೆ ಬೀಳುತ್ತದೆ. ಮೂಲೆ ತಡೆಯುತ್ತದಾ?

ಒಳ್ಳೆ ರಿಂಗ್ ಪಾನಾಗಳಲ್ಲಿ ಒಳಗಿನ ಮೂಲೆಗಳನ್ನು ಸ್ವಲ್ಪ ಕೊರೆದು ಗುಂಡಗೆ ಮಾಡಿರುತ್ತಾರೆ. ಬಲ ನಟ್ಟಿನ ಮೂಲೆಯಿಂದ ಒಳಗೆ ಸರಿದು ಮುಖದ ಮೇಲೆ ಬೀಳಲಿ ಅಂತ. ಬರಿಗಣ್ಣಿಗೆ ಇದು ಕಾಣುತ್ತದೆ, ಬೆಳಕಿಗೆ ಹಿಡಿದು ನೋಡಿ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಹೊಸ ಬೋಲ್ಟು ಇಟ್ಟುಕೊಂಡು ಹೋಗಿ. ನಾನು ಈಗ ಹಾಗೇ ಮಾಡುತ್ತೇನೆ. ಪಾನಾದೊಳಗೆ ಬೋಲ್ಟಿನ ತಲೆ ಹಾಕಿ ಬೆರಳಲ್ಲಿ ಅಲುಗಾಡಿಸಿ. ಲೊಡಲೊಡ ಅಂದರೆ ವಾಪಸ್ ಇಡಿ. ಐದಾರು ಪಾನಾ ಹಾಗೆ ನೋಡಿದರೆ ಕೈಗೇ ಗೊತ್ತಾಗುತ್ತದೆ. ಡಬ್ಬಿ ಓದುವುದಕ್ಕಿಂತ ಇದು ಮೇಲು.

ಬಲದ ಲೆಕ್ಕವನ್ನೂ ಒಮ್ಮೆ ನೋಡೋಣ. ಪಾನಾ 200 ಮಿಲಿಮೀಟರ್ ಉದ್ದ, ನೀವು 30 ಕೆ.ಜಿ. ಬಲದಲ್ಲಿ ಎಳೆದಿರಿ. ನಟ್ಟಿನ ಮೇಲೆ ಬೀಳುವ ತಿರುಚು ಸುಮಾರು 59 ನ್ಯೂಟನ್ ಮೀಟರ್. ತಲೆಯ ಮೇಲೆ 8.8 ಅಂತ ಶಕ್ತಿಯ ದರ್ಜೆ ಬರೆದಿರುವ 8 ಮಿಲಿಮೀಟರ್ ಬೋಲ್ಟನ್ನು ಬಿಗಿ ಮಾಡಲು ಬೇಕಾದದ್ದು 25ರ ಆಸುಪಾಸು. ಬರಿಗೈಯಲ್ಲೇ ಎರಡು ಪಟ್ಟು ದಾಟಿದಿರಿ! ಇನ್ನು ನಮ್ಮವರು ಪಾನಾಗೆ ಪೈಪ್ ತೂರಿಸಿ ಮೀಟುತ್ತಾರಲ್ಲ, ಉದ್ದ 600 ಮಿಲಿಮೀಟರ್ ಆದರೆ ಅದೇ ಬಲಕ್ಕೆ 177. ಬೋಲ್ಟು ತುಂಡಾಗಬೇಕು, ಇಲ್ಲಾ ಪಾನಾ ಬಾಗಬೇಕು. ಪಾನಾದ ಉದ್ದವನ್ನು ಸುಮ್ನೆ ಇಟ್ಟಿರುವುದಿಲ್ಲ. ಅಷ್ಟು ಸೈಜಿನ ನಟ್ಟಿಗೆ ಅಷ್ಟೇ ಸನ್ನೆ ಸಾಕು ಅಂತ ಅಳೆದು ಇಟ್ಟ ಉದ್ದ ಅದು. ಪೈಪ್ ತೂರಿಸಿದ ಮೇಲೆ ಜರ್ಮನಿಯ ಮಾಲಾದರೂ ಒಂದೇ, ಲೋಕಲ್ ಆದರೂ ಒಂದೇ.

ಕರೆಂಟಿನ ಹತ್ತಿರ ಚೌಕಾಸಿ ಬೇಡ

ಕರೆಂಟಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಕಟಿಂಗ್ ಪ್ಲೇಯರ್‌ನ ಹಿಡಿಗೆ ಪ್ಲಾಸ್ಟಿಕ್ ಇದೆ ಅಂದ ಮಾತ್ರಕ್ಕೆ ಅದು ಕರೆಂಟ್ ತಡೆಯುತ್ತದೆ ಅಂತ ಅಲ್ಲ. ಬಹಳಷ್ಟು ಪ್ಲೇಯರ್‌ಗಳ ಹಿಡಿಯನ್ನು ಕರಗಿದ ಪ್ಲಾಸ್ಟಿಕ್ಕಿನಲ್ಲಿ ಸುಮ್ನೆ ಅದ್ದಿ ತೆಗೆದಿರುತ್ತಾರೆ. ಅದು ಇರುವುದು ಕೈ ಜಾರದಿರಲಿ, ಒತ್ತದಿರಲಿ ಅಂತ. ಕರೆಂಟಿಗೆ ಅಂತಲೇ ಮಾಡಿದ ಉಪಕರಣದ ಮೇಲೆ ಎರಡು ತ್ರಿಕೋನ ಒಂದರ ಮೇಲೊಂದು ಬಂದ ಹಾಗಿರುವ ಗುರುತು ಇರುತ್ತದೆ. ಪಕ್ಕದಲ್ಲಿ 1000 ವೋಲ್ಟ್ ಅಂತ ಬರೆದಿರುತ್ತದೆ. ಐಇಸಿ 60900 ಅನ್ನುವ ಅಂತರರಾಷ್ಟ್ರೀಯ ಮಾನಕದ ಸಂಖ್ಯೆ ಇರುತ್ತದೆ. ಆ ಮಾನಕದಲ್ಲಿ ಉಪಕರಣವನ್ನು 10,000 ವೋಲ್ಟಿಗೆ ಹಿಡಿದು ಪರೀಕ್ಷೆ ಮಾಡುತ್ತಾರೆ. 1000ಕ್ಕೆ ಬಳಸುವುದನ್ನು ಹತ್ತು ಪಟ್ಟಿಗೆ ಪರೀಕ್ಷಿಸಿದ್ದು. ಪ್ರೊಫೆಷನಲ್ ಅನ್ನುವ ಪದಕ್ಕೆ ನಿಜವಾದ ಅರ್ಥ ಸಿಗುವುದು ಇಂಥ ಕಡೆ.

ನಮ್ಮ ಹೊಲ, ಗದ್ದೆಗಳ ಸ್ಟಾರ್ಟರ್ ಡಬ್ಬಿ ನೆನಪು ಮಾಡಿಕೊಳ್ಳಿ. ಮೂರು ಫೇಸ್, 415 ವೋಲ್ಟ್. ಭದ್ರಾ ನಾಲೆ ನೀರು ಬಿಟ್ಟ ದಿನಗಳಲ್ಲಿ ಕೆಳಗೆ ಕೆಸರು. ಬರಿಗಾಲು. ರಾತ್ರಿ ಕರೆಂಟ್ ಬಂದಾಗ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ವಯರ್ ಸಿಕ್ಕಿಸುವವರನ್ನು ನಾನು ನೋಡಿದ್ದೇನೆ. ಅವರ ಕೈಯಲ್ಲಿ ಹಿಡಿ ಬಿರುಕು ಬಿಟ್ಟ ಪ್ಲೇಯರ್, ಅದರ ಮೇಲೆ ಸುತ್ತಿದ ಇನ್ಸುಲೇಷನ್ ಟೇಪು. ಒಳ್ಳೆ ಪ್ಲೇಯರ್ ಇದ್ದರೂ ಮೊದಲು ಮೇನ್ ತೆಗೆಯಬೇಕು, ಆ ಮಾತು ಬೇರೆ. ಆದರೆ ಹಿಡಿ ಬಿರುಕು ಬಿಟ್ಟ ದಿನವೇ ಆ ಪ್ಲೇಯರ್ ಕರೆಂಟಿನ ಕೆಲಸದಿಂದ ರಿಟೈರ್ ಆಗಬೇಕು. ಬೇಲಿ ತಂತಿ ಕಟ್ಟೋಕೆ ಇಟ್ಟುಕೊಳ್ಳಿ.

ಟೆಸ್ಟರ್ ಕೂಡ ಸಣ್ಣ ವಸ್ತು ಅಂತ ಉಡಾಫೆ ಮಾಡಬೇಡಿ. ಅದರೊಳಗೆ ಸುಮಾರು 1 ಮೆಗಾಓಮ್‌ನ ಒಂದು ರೆಸಿಸ್ಟರ್ ಇರುತ್ತದೆ. 230 ವೋಲ್ಟಿಗೆ ನಿಮ್ಮ ಮೈಯೊಳಗೆ ಹರಿಯುವ ಕರೆಂಟನ್ನು ಕಾಲು ಮಿಲಿಆ್ಯಂಪಿಗಿಂತ ಕಡಿಮೆಗೆ ಹಿಡಿದಿಡುವುದು ಅದೇ. ನಿಮಗೂ ಲೈನಿಗೂ ನಡುವೆ ಇರುವುದು ಅಷ್ಟು ಸಣ್ಣ ವಸ್ತು. ಜಾತ್ರೆಯಲ್ಲಿ ಗುಡ್ಡೆ ಹಾಕಿ ಮಾರುವ ಟೆಸ್ಟರಿನಲ್ಲಿ ಅದು ಯಾವ ಗತಿಯಲ್ಲಿದೆ ಅಂತ ಬಿಚ್ಚಿ ನೋಡಲು ಯಾರಿಗೂ ಪುರುಸೊತ್ತಿಲ್ಲ.

ಎಷ್ಟು ಹೊತ್ತು ಕೈಯಲ್ಲಿರುತ್ತದೆ

ಕೈಕೊಟ್ಟರೆ ಏನಾಗುತ್ತದೆ ಅನ್ನುವುದು ಒಂದು ಪ್ರಶ್ನೆ. ದಿನಕ್ಕೆ ಎಷ್ಟು ಹೊತ್ತು ಬಳಸುತ್ತೀರಿ ಅನ್ನುವುದು ಇನ್ನೊಂದು.

ಚಿತ್ರದುರ್ಗದ ಕಡೆ ಬೋರ್‌ವೆಲ್ ಮೋಟಾರ್ ಎತ್ತುವವರನ್ನು ನೋಡಿ. ಮೋಟಾರ್ 600 ಅಡಿಯಲ್ಲಿದೆ ಅನ್ನಿ. ಜಿಐ ಪೈಪ್ ಒಂದೊಂದು 20 ಅಡಿ. ಮೂವತ್ತು ಪೈಪ್ ಬಿಚ್ಚಬೇಕು. ಒಂದೊಂದು ಜಾಯಿಂಟಿಗೂ ಎರಡು ಪೈಪ್ ರೆಂಚ್, ಒಂದು ಹಿಡಿಯೋಕೆ, ಒಂದು ತಿರುಗಿಸೋಕೆ. ರಿಪೇರಿ ಆದ ಮೇಲೆ ಮತ್ತೆ ಮೂವತ್ತು ಜೋಡಿಸಬೇಕು. ಒಂದೇ ದಿನದಲ್ಲಿ ಅರವತ್ತು ಸಲ ಮೈಭಾರ ಹಾಕಿ ಎಳೆತ. ನಮ್ಮ ಮನೆಯ ರೆಂಚ್ ಅಷ್ಟು ಕೆಲಸವನ್ನು ಅದರ ಜನ್ಮದಲ್ಲಿ ಮಾಡಲ್ಲ. ಅಲ್ಲಿ ಹಲ್ಲು ಸವೆದ ರೆಂಚ್ ಒಮ್ಮೆ ಜಾರಿದರೆ ಎಳೆಯುತ್ತಿದ್ದವರು ಹಿಂದಕ್ಕೆ ಬೀಳುತ್ತಾರೆ. ಅವರಿಗೆ ಹೆವಿ ಡ್ಯೂಟಿ ಬೇಕೇ ಬೇಕು. ದವಡೆ ಬದಲಿಸಲು ಬರುವಂಥದ್ದನ್ನೇ ಕೊಳ್ಳುತ್ತಾರೆ. ಹಲ್ಲು ಸವೆದರೆ ದವಡೆ ಮಾತ್ರ ಹೊಸದು, ರೆಂಚ್ ಹಳೇದೇ. ವರ್ಷಗಟ್ಟಲೆ ಲೆಕ್ಕ ಹಾಕಿದರೆ ದುಬಾರಿಯದೇ ಅಗ್ಗ.

ಹೈವೇ ಪಕ್ಕದ ಪಂಕ್ಚರ್ ಅಂಗಡಿಗಳಲ್ಲೂ ಒಂದು ವಿಷಯ ಗಮನಿಸಿ. ಚಕ್ರದ ನಟ್ಟು ಬಿಚ್ಚಲು ಗಾಳಿಯಿಂದ ಓಡುವ ಇಂಪ್ಯಾಕ್ಟ್ ಗನ್ ಇರುತ್ತದೆ. ಅದಕ್ಕೆ ಹಾಕುವ ಸಾಕೆಟ್, ಅಂದರೆ ನಟ್ಟನ್ನು ಹಿಡಿಯುವ ಬಟ್ಟಲು, ಕಪ್ಪಗೆ, ಒರಟಾಗಿರುತ್ತದೆ. ನಮ್ಮ ಹೊಳೆಯುವ ಸಾಕೆಟ್ಟನ್ನು ಅದಕ್ಕೆ ಹಾಕಿದರೆ ಆ ಹೊಡೆತಕ್ಕೆ ಸೀಳುತ್ತದೆ. ನೋಡೋಕೆ ಚೆಂದ ಇರುವುದು ಸಾದಾ, ಕಪ್ಪಗಿರುವುದು ಗಟ್ಟಿ!

ದಿನವಿಡೀ ಬಳಸುವವರಿಗೆ ಮುರಿಯುವುದು ಒಂದೇ ಚಿಂತೆ ಅಲ್ಲ, ಮೈಕೈ ನೋವೂ ಇದೆ. ಒಳ್ಳೆ ಕಟಿಂಗ್ ಪ್ಲೇಯರ್‌ನಲ್ಲಿ ಕೀಲಿನ ಜಾಗವನ್ನು ಅಂಚಿನ ಹತ್ತಿರಕ್ಕೆ ತಂದಿರುತ್ತಾರೆ. ಸನ್ನೆ ಜಾಸ್ತಿ ಸಿಗುತ್ತದೆ, ಅಂಗೈ ಕಮ್ಮಿ ಒತ್ತಿದರೆ ಸಾಕು. ದಿನಕ್ಕೆ ಇನ್ನೂರು ವಯರ್ ಕತ್ತರಿಸುವ ಎಲೆಕ್ಟ್ರಿಷಿಯನ್‌ಗೆ ಸಂಜೆ ಮಣಿಕಟ್ಟಿನಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ. ವರ್ಷಕ್ಕೆ ಇಪ್ಪತ್ತು ಕತ್ತರಿಸುವ ನನಗೆ ಗೊತ್ತಾಗಲ್ಲ. ಸಾಕೆಟ್ ಸಿಕ್ಕಿಸಿ ಹಿಂದೆ ಮುಂದೆ ಆಡಿಸುವ ರಾಟ್ಚೆಟ್ ಹಿಡಿಯಲ್ಲೂ ಹಾಗೇ. 24 ಹಲ್ಲಿನದಾದರೆ ಒಂದೊಂದು ಸಲಕ್ಕೆ 15 ಡಿಗ್ರಿ ಆಡಿಸಲು ಜಾಗ ಬೇಕು. 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಸಂದಿಯಲ್ಲಿ ಕೈ ತೂರಿಸಿ ಕೆಲಸ ಮಾಡುವವರಿಗೆ ಅದು ವರ, ಸೈಕಲ್ ರಿಪೇರಿ ಮಾಡುವವರಿಗೆ ದಂಡ.

ನನ್ನಂಥವರದ್ದು ನಡುವಿನ ಸ್ಥಿತಿ. ಅಡಿಕೆ ಸೀಸನ್ನಿನ ಎರಡು ಮೂರು ತಿಂಗಳು ದಿನಾ ಪಾನಾ ಬೇಕು, ಉಳಿದ ದಿನ ಪೆಟ್ಟಿಗೆ ತೆಗೆಯುವುದೇ ಇಲ್ಲ. ಮಂಡಕ್ಕಿ ಭಟ್ಟಿ, ಸಣ್ಣ ಹಿಟ್ಟಿನ ಗಿರಣಿ ನಡೆಸುವವರೂ ಹೀಗೇ. ಕೆಲಸ ಕಮ್ಮಿ, ಆದರೆ ಮಷಿನ್ ನಿಂತರೆ ಆಳುಗಳೆಲ್ಲ ನಿಲ್ಲುತ್ತಾರೆ. ಇಂಥವರಿಗೆ ಪೂರ್ತಿ ಸೆಟ್ ದುಬಾರಿಯದು ಬೇಡ. ನಿಮ್ಮ ಮಷಿನ್ನಿನಲ್ಲಿ ಯಾವ ನಟ್ಟುಗಳಿವೆ ನೋಡಿ. ನನ್ನದರಲ್ಲಿ 13, 17, 19 ಮೂರೇ. ಆ ಮೂರು ಒಳ್ಳೇದು ತಗೊಂಡೆ. ಉಳಿದದ್ದು ಸಾದಾ.

ಅದಕ್ಕೇ ಆ ನೂರು ಪೀಸಿನ ಪೆಟ್ಟಿಗೆ ನನಗೆ ಇಷ್ಟ ಇಲ್ಲ. ತೆರೆದರೆ ನವರಾತ್ರಿ ಬೊಂಬೆ ಕೂರಿಸಿದ ಹಾಗೆ ಸಾಲಾಗಿ ಕಾಣುತ್ತದೆ. ಕೆಲಸಕ್ಕೆ ಬರುವುದು ಆರೋ ಏಳೋ. ಆ ದುಡ್ಡಿಗೆ ಆ ಆರೇಳನ್ನೇ ಬಿಡಿಯಾಗಿ, ಒಳ್ಳೇದು ಕೊಳ್ಳಬಹುದು.

ಯಾವ ಕಂಪನಿ ಅಂತ ಕೇಳುವವರಿಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ನಮ್ಮ ದೇಶದಲ್ಲೇ ಜಲಂಧರ್, ನಾಗೌರ್, ನಾಸಿಕ್ ಕಡೆ ಕೈ ಉಪಕರಣ ತಯಾರಿಕೆ ಜೋರಾಗಿದೆ. ನಾಸಿಕ್‌ನ ತಪಾರಿಯಾ 1969ರಲ್ಲಿ ಸ್ವೀಡನ್ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಶುರುವಾದದ್ದು. ಇಂಥ ನಡುವಿನ ದರ್ಜೆಯ ಮಾಲು ನಮ್ಮ ಕಡೆಯ ಹೆಚ್ಚಿನವರಿಗೆ ಸಾಕು. 1882ರಿಂದ ಇಕ್ಕಳವನ್ನೇ ಮಾಡಿಕೊಂಡು ಬಂದಿರುವ ಜರ್ಮನಿಯ ಕ್ನಿಪೆಕ್ಸ್‌ನಂಥದ್ದು ಅದರಿಂದಲೇ ಹೊಟ್ಟೆ ಹೊರೆಯುವವರಿಗೆ. ಹೆಸರಿದ್ದ ಮಾಲಿಗೆಲ್ಲ ನಕಲಿ ಕಾಟ ಇದೆ. ಅಕ್ಷರ ಮಸುಕಾಗಿದ್ದರೆ, ಹೆಸರಿನಲ್ಲಿ ಒಂದಕ್ಷರ ಆಚೀಚೆ ಇದ್ದರೆ, ಬೇರೆ ಅಂಗಡಿಗಿಂತ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ, ಅನುಮಾನ ಪಡಿ. ಬಿಲ್ ಕೇಳಿ.

ಸಾದಾ ಸಾಕು ಅನ್ನುವ ಕಡೆ

ಹ್ಯಾಕ್‌ಸಾ ಫ್ರೇಮ್ ಸಾದಾ ಇರಲಿ, ಬ್ಲೇಡು ಮಾತ್ರ ಒಳ್ಳೇದು ಹಾಕಿ. ಕೊಯ್ಯುವುದು ಬ್ಲೇಡು, ಫ್ರೇಮ್ ಅಲ್ಲ. ತೆಳು ಪೈಪಿಗೆ ಸಣ್ಣ ಹಲ್ಲಿನದು ಬೇಕು. ಕೊಯ್ಯುವ ಪೈಪಿನ ಗೋಡೆಯ ದಪ್ಪದಲ್ಲಿ ಮೂರು ಹಲ್ಲಾದರೂ ಕೂತಿರಬೇಕು, ಇಲ್ಲದಿದ್ದರೆ ಹಲ್ಲು ಸಿಕ್ಕಿ ಮುರಿಯುತ್ತದೆ.

ಅಳತೆ ಟೇಪಿನಲ್ಲಿ ಸಣ್ಣ ಅಂಡಾಕಾರದೊಳಗೆ ರೋಮನ್ ಅಂಕಿ ಎರಡು ಇದ್ದರೆ ಸಾಕು. ಅದು ಎರಡನೇ ದರ್ಜೆ. 5 ಮೀಟರಿಗೆ 1.3 ಮಿಲಿಮೀಟರ್ ಆಚೀಚೆ ಆಗಬಹುದು, ಅಷ್ಟೇ. ಬಾಗಿಲು, ಕಿಟಕಿ, ಟೈಲ್ಸ್ ಎಲ್ಲಕ್ಕೂ ನಡೆಯುತ್ತದೆ. ಒಂದು ತಮಾಷೆ: ಟೇಪಿನ ತುದಿಯ ಕೊಕ್ಕೆ ಅಲುಗಾಡುತ್ತದೆ ಅಂತ ನಮ್ಮ ಪರಿಚಯದವರೊಬ್ಬರು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದ್ದರು. ಅದು ಅಲುಗಾಡಲೇಬೇಕು. ಕೊಕ್ಕೆಯ ದಪ್ಪ ಎಷ್ಟೋ ಅಷ್ಟು. ಒಳಗಿನಿಂದ ಒತ್ತಿ ಅಳೆದರೂ ಹೊರಗಿನಿಂದ ಸಿಕ್ಕಿಸಿ ಅಳೆದರೂ ಲೆಕ್ಕ ಒಂದೇ ಬರಲಿ ಅಂತ ಮಾಡಿದ ಏರ್ಪಾಡು.

ಮೊಳೆ ಹೊಡೆಯುವ ಸುತ್ತಿಗೆ, ಕರಣಿ, ಬಣ್ಣ ಕೆರೆಯುವ ಪಟ್ಟಿ, ಇವೆಲ್ಲ ಸಾದಾ ಆದರೆ ಏನೂ ನಷ್ಟ ಇಲ್ಲ. ಸುತ್ತಿಗೆಯ ತಲೆ ಹಿಡಿಯಲ್ಲಿ ಬಿಗಿಯಾಗಿ ಕೂತಿದೆಯಾ, ಬೆಣೆ ಸರಿಯಾಗಿ ಹೊಡೆದಿದ್ದಾರಾ ಅಂತ ಮಾತ್ರ ನೋಡಿ.

ಸ್ಕ್ರೂಡ್ರೈವರ್ ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಪ್ಲಸ್ ಸ್ಕ್ರೂಡ್ರೈವರ್ ತುದಿ ಮೆದು ಇದ್ದರೆ ಸ್ಕ್ರೂ ತಲೆಯನ್ನೂ ತಿಂದು ತಾನೂ ಸವೆಯುತ್ತದೆ. ಪ್ಲಸ್ ಅಂದರೆ ಎಲ್ಲಾ ಒಂದೇ ಅಂತಲೂ ಅಲ್ಲ. ಜಪಾನ್ ವಿನ್ಯಾಸದ ಹಳೆ ಬೈಕುಗಳ ಪ್ಲಸ್ ಸ್ಕ್ರೂ ನಮ್ಮ ಮಾಮೂಲಿ ಫಿಲಿಪ್ಸ್‌ಗಿಂತ ಸ್ವಲ್ಪ ಬೇರೆ. ಮಾಮೂಲಿ ಡ್ರೈವರ್ ಅದರಲ್ಲಿ ತಳ ಮುಟ್ಟದೆ ಮೇಲಕ್ಕೆ ಜಾರುತ್ತದೆ. ಎಂಜಿನ್ ಕವರಿನ ಸ್ಕ್ರೂಗಳು ಅಷ್ಟೊಂದು ಹಾಳಾಗಿರಲು ಇದೂ ಒಂದು ಕಾರಣ. ಇಲ್ಲಿ ತುದಿಯ ಆಕಾರ ಸರಿ ಇಲ್ಲದಿದ್ದರೆ ದುಬಾರಿ ಡ್ರೈವರೂ ದಂಡವೇ.

ಇನ್ನೊಂದು ಸಾದಾ ಸೆಟ್ ಬೇಕೇ ಬೇಕು, ಅಕ್ಕಪಕ್ಕದವರು ಕೇಳಿದಾಗ ಕೊಡೋಕೆ. ಇಲ್ಲ ಅನ್ನೋಕಾಗಲ್ಲ, ಅಲ್ವಾ? ಒಳ್ಳೇದು ಕೊಟ್ಟರೆ ವಾಪಸ್ ಬರುವ ಹೊತ್ತಿಗೆ ಅದನ್ನು ಉಳಿ ಮಾಡಿಕೊಂಡು ಗೋಡೆ ಒಡೆದಿರುತ್ತಾರೆ.

ಆ ಸೆಟ್ಟಿನಲ್ಲಿ ನನ್ನ ಹಳೆಯ 12-13 ಇಲ್ಲ. 13ರ ಕಡೆ ಪೂರ್ತಿ ಅಗಲ ಆಗಿದೆ, ಯಾರಿಗಾದರೂ ಕೊಟ್ಟು ಅವರ ನಟ್ಟೂ ಗೋಲಿ ಆಗುವುದು ಬೇಡ. ಮಾವ ಅದರ 12ರ ತುದಿಯನ್ನು ಗ್ರೈಂಡರಿನಲ್ಲಿ ಚಪ್ಪಟೆ ಮಾಡಿಕೊಟ್ಟರು. ಈಗ ಬಣ್ಣದ ಡಬ್ಬಿಯ ಮುಚ್ಚಳ ಮೀಟೋಕೆ ಇಟ್ಟುಕೊಂಡಿದ್ದೇನೆ.